‘ಆಪ್ಟಿಕ್ ನ್ಯೂರೈಟಿಸ್’, ‘ಪ್ಯಾರಾನಿಯೋಪ್ಲಾಸ್ಟಿಕ್’: ಪದ ಸೂಚಿಸಿ

ಎಲ್ಲರಿಗೂ ನಮಸ್ಕಾರ.

ಶ್ವಾಸಕೋಶದ ಕ್ಯಾನ್ಸರ್ ಇರುವವರ ಮನೆಯವರು ಓದಲೆಂದು ಒಂದು ತಿಳಿವಳಿಕೆ ಹಾಳೆ ಬರೆಯುತ್ತಿದ್ದೇನೆ. ಎರಡು ಪದಗಳ ಹತ್ತಿರ ಸಿಕ್ಕಿಕೊಂಡಿದ್ದೇನೆ.

ಆಪ್ಟಿಕ್ ನ್ಯೂರೈಟಿಸ್‌ಗೆ ‘ದೃಷ್ಟಿನರದ ಉರಿಯೂತ’ ಎಂಬುದು ರೂಢಿಯಲ್ಲಿದೆ. ದೃಷ್ಟಿನರವೋ ಅಕ್ಷಿನರವೋ, ಯಾವುದಾದರೂ ಸರಿ. ತೊಡಕಿರುವುದು ‘ಉರಿಯೂತ’ದಲ್ಲಿ. ಮಲ್ಟಿಪಲ್ ಸ್ಕ್ಲಿರೋಸಿಸ್‌ (ಮಿದುಳು, ಬೆನ್ನುಹುರಿಗಳ ನರದ ಹೊದಿಕೆ ಕೆಡುವ ಕಾಯಿಲೆ) ಇರುವವರಿಗೆ ಬರುವ ಬಗೆಗೆ ಅದು ಒಪ್ಪುತ್ತದೆ. ಅಲ್ಲಿ ಹೆಚ್ಚಾಗಿ ಒಂದೇ ಕಣ್ಣು ಕೆಡುತ್ತದೆ, ಗುಡ್ಡೆ ಹೊರಳಿಸಿದರೆ ನೋಯುತ್ತದೆ. ಕ್ಯಾನ್ಸರ್‌ನಲ್ಲಿ, ಅದರಲ್ಲೂ ಶ್ವಾಸಕೋಶದ ‘ಸ್ಮಾಲ್ ಸೆಲ್’ ಎಂಬ ಬಗೆಯ ಕ್ಯಾನ್ಸರ್‌ನಲ್ಲಿ, ಅಪರೂಪಕ್ಕೆ ಬರುವ ಬಗೆ ಹಾಗಲ್ಲ. ಸಾಮಾನ್ಯವಾಗಿ ಎರಡೂ ಕಣ್ಣು ಕೆಲವು ದಿನ, ವಾರಗಳಲ್ಲಿ ಮಂಜಾಗುತ್ತವೆ, ನೋವೇ ಇರುವುದಿಲ್ಲ. ‘ಉರಿಯೂ ಇಲ್ಲ, ಊತವೂ ಇಲ್ಲ, ವಯಸ್ಸಾಯಿತಲ್ಲ, ಪೊರೆ ಬಂದಿರಬೇಕು’ ಎಂದು ಮನೆಯವರು ಸುಮ್ಮನಾಗಿಬಿಟ್ಟರೆ ಹಾಳೆ ಬರೆದೂ ದಂಡ. ಬರೀ ‘ಊತ’ ಎನ್ನೋಣವೆಂದರೆ ಅದು ಪ್ಯಾಪಿಲೆಡಿಮಾಗೆ ಬೇಕು: ಕ್ಯಾನ್ಸರ್ ಮಿದುಳಿಗೆ ಹಬ್ಬಿ ತಲೆಬುರುಡೆಯೊಳಗೆ ಒತ್ತಡ ಏರಿದಾಗ ದೃಷ್ಟಿನರದ ತುದಿ ಊದಿಕೊಳ್ಳುವುದಕ್ಕೆ. ಎರಡಕ್ಕೂ ಚಿಕಿತ್ಸೆ ಬೇರೆ, ಹೆಸರು ಒಂದೇ ಆಗಕೂಡದು.

ಎರಡನೆಯದು ಇನ್ನೂ ಕಷ್ಟ. ಗಡ್ಡೆಯ ಮೇಲೆ ಎರಗಲು ಹೊರಟ ಮೈಯ ರೋಗನಿರೋಧಕ ವ್ಯವಸ್ಥೆ ನರಗಳ ಮೇಲೂ ಬೀಳುವುದು ಪ್ಯಾರಾನಿಯೋಪ್ಲಾಸ್ಟಿಕ್. ಸಿಆರ್‌ಎಂಪಿ-5 ಎಂಬ ಪ್ರೋಟೀನು ಗಡ್ಡೆಯಲ್ಲೂ ನರದಲ್ಲೂ ಇರುವುದರಿಂದ ಈ ಎಡವಟ್ಟು. ಗಡ್ಡೆ ಕಣ್ಣಿಗೆ ಹಬ್ಬಿರುವುದಿಲ್ಲ. ಎಷ್ಟೋ ಸಲ ಕಣ್ಣಿನ ದೂರೇ ಮೊದಲು, ಎದೆಯ ಸ್ಕ್ಯಾನ್‌ನಲ್ಲಿ ಗಡ್ಡೆ ಕಾಣುವುದು ಆಮೇಲೆ. ‘ಅಡ್ಡಪರಿಣಾಮ’ ಎಂದು ಬರೆದರೆ ತಪ್ಪನ್ನು ಕೀಮೋ ತಲೆಗೆ ಕಟ್ಟುತ್ತಾರೆ. ಗಡ್ಡೆಗೆ ಚಿಕಿತ್ಸೆ ಕೊಡುವುದೇ ಇಲ್ಲಿ ಮುಖ್ಯ ಉಪಾಯ, ಜೊತೆಗೆ ಸ್ಟಿರಾಯ್ಡ್. ‘ಉಪಗಂತಿ’ ಎಂಬ ಮಕ್ಕಿಕಾಮಕ್ಕಿ ಪದ ಇನ್ನೊಂದು ಚಿಕ್ಕ ಗಡ್ಡೆಯಂತೆ ಕೇಳಿಸುತ್ತದೆ. ‘ಗಂತಿಪ್ರೇರಿತ’ ವೈದ್ಯರಿಗೆ ಸರಿ, ಮನೆಯವರಿಗೆ ಅಲ್ಲ. ಕ್ಯಾನ್ಸರ್‌ಗಿದ್ದ ಹಳೆಯ ಹೆಸರು ‘ಏಡಿಗಂತಿ’ ನನಗಿಷ್ಟ, ಆದರೆ ಈಗ ಯಾರ ಬಾಯಲ್ಲೂ ಇಲ್ಲ.

ಸದ್ಯಕ್ಕೆ ಹೀಗೆ ಬರೆದಿಟ್ಟಿದ್ದೇನೆ: ‘ಕ್ಯಾನ್ಸರ್‌ನಿಂದಾಗಿ ಕಣ್ಣಿನ ನರ ಕೆಡುವುದು (ಕ್ಯಾನ್ಸರ್ ಕಣ್ಣಿಗೆ ಹಬ್ಬಿದ್ದಲ್ಲ)’. ಉದ್ದವಾಯಿತು, ಗೊತ್ತು. ಇದಕ್ಕಿಂತ ಚಿಕ್ಕದು ಯಾರಿಗಾದರೂ ಹೊಳೆದರೆ ತಿಳಿಸಿ. ಧಾರವಾಡ, ಕಲಬುರಗಿ ಕಡೆಯವರು ನೋವಿಲ್ಲದೆ ನೋಟ ಮಬ್ಬಾಗುವುದಕ್ಕೆ ಮನೆಯಲ್ಲಿ ಏನನ್ನುತ್ತೀರಿ ಎಂಬುದನ್ನೂ ಬರೆಯಿರಿ.