ಎಕ್ಸ್-ಮೆನ್: ಬಿಡಿ ಸಂಚಿಕೆಯೋ, ಸಂಪುಟವೋ? ಅನುಭವ ಇದ್ದವರು ತಿಳಿಸಿ

ಬಳ್ಳಾರಿಯಿಂದ ಪ್ರಶ್ನೆ: 2024ರ ಜುಲೈನಲ್ಲಿ ಹೊಸದಾಗಿ ಆರಂಭವಾದ ಮಾರ್ವೆಲ್ ಕಂಪನಿಯ ಎಕ್ಸ್-ಮೆನ್ ಕಾಮಿಕ್ಸ್ ಸರಣಿಯನ್ನು (ಹುಟ್ಟಿನಿಂದಲೇ ವಿಶೇಷ ಶಕ್ತಿಯುಳ್ಳ ‘ಮ್ಯೂಟಂಟ’ರ ತಂಡದ ಕಥೆ) ಓದಬೇಕೆಂದಿದ್ದೇನೆ. ಬಿಡಿ ಸಂಚಿಕೆಗಳನ್ನು ತರಿಸಲೋ, ಹಲವು ಸಂಚಿಕೆಗಳನ್ನು ಒಟ್ಟುಗೂಡಿಸಿದ ಸಂಪುಟಕ್ಕೆ ಕಾಯಲೋ?

ರಾಯಚೂರು: ನಾನು ಬಿಡಿ ಸಂಚಿಕೆಗಳನ್ನೇ ಕೊಳ್ಳುತ್ತೇನೆ. ಬೆಂಗಳೂರಿನಿಂದ ತರಿಸಿದರೆ ಪ್ರತಿಗೆ 450 ರೂಪಾಯಿ, ಕೊರಿಯರ್‌ಗೆ 120, ಒಳಗಿಡುವ ರಟ್ಟು ಮತ್ತು ಪ್ಲಾಸ್ಟಿಕ್ ಚೀಲಕ್ಕೆ 40 ಬೀಳುತ್ತದೆ. ಒಮ್ಮೆ ಕೊರಿಯರ್ ಹುಡುಗ ಲಕೋಟೆಯನ್ನು ನಡುವೆ ಮಡಚಿ ಗೇಟಿನ ಸಂದಿಯಲ್ಲಿ ತುರುಕಿ ಹೋಗಿದ್ದ. ರಕ್ಷಾಪುಟದ ಮೇಲಿನ ತಂಡದ ನಾಯಕ ಸೈಕ್ಲಾಪ್ಸ್‌ನ ಎದೆಯ ಮೇಲೆ ಬಿದ್ದ ಬಿಳಿ ಗೆರೆ ಇಂದಿಗೂ ಹಾಗೆಯೇ ಇದೆ, ಪರಿಹಾರವಾಗಿ ಒಂದು ಪೈಸೆಯೂ ಬರಲಿಲ್ಲ. ಆದರೂ ಅಲಾಸ್ಕಾದ ಮರ್ಲ್ ಎಂಬ ಊರಿನಲ್ಲಿ, ಹಿಂದೆ ಮ್ಯೂಟಂಟರನ್ನು ಬೇಟೆಯಾಡುವ ಸೆಂಟಿನೆಲ್ ಯಂತ್ರಗಳನ್ನು ತಯಾರಿಸುತ್ತಿದ್ದ ಕಾರ್ಖಾನೆಯಲ್ಲೇ ಈ ತಂಡ ನೆಲೆಯೂರಿದ ಕಥೆಯನ್ನು ಲೇಖಕ ಜೆಡ್ ಮೆಕೇ ಹೇಳುವ ಬಗೆಗೆ, ಮುಂದಿನ ಸಂಚಿಕೆಗಾಗಿ ಕಾಯುವುದರಲ್ಲೇ ಅರ್ಧ ಸುಖವಿದೆ.

ಕೊಪ್ಪಳ: ಹಾಗೆ ಹಣ ಸುರಿಯುವುದನ್ನು ನಾನು ಒಪ್ಪುವುದಿಲ್ಲ. ಎಕ್ಸ್-ಮೆನ್‌ನ ಕ್ರಕೋವಾ ಯುಗವನ್ನು ಆರಂಭಿಸಿದ 2019ರ ‘ಹೌಸ್ ಆಫ್ ಎಕ್ಸ್’ ಮತ್ತು ‘ಪವರ್ಸ್ ಆಫ್ ಎಕ್ಸ್’ನ ಹನ್ನೆರಡು ಸಂಚಿಕೆಗಳನ್ನು ನಾನು ಒಂದೇ ಸಂಪುಟದಲ್ಲಿ ಓದಿದೆ. ಸತ್ತಾಗಲೆಲ್ಲ ಮತ್ತೆ ಹುಟ್ಟುವ ಮೊಯಿರಾ ಎಂಬಾಕೆಯ ಜನ್ಮಜನ್ಮಾಂತರಗಳು ಎರಡೂ ಸರಣಿಗಳಲ್ಲಿ ಹೆಣೆದುಕೊಂಡಿರುವುದರಿಂದ ಹಿಂದಿನ ಪುಟಕ್ಕೆ ಮರಳಿ ಮರಳಿ ಹೋಗಬೇಕಾಗುತ್ತದೆ. ಬಿಡಿ ಪ್ರತಿಗಳನ್ನು ಹರಡಿಕೊಂಡು ಕುಳಿತರೆ ಅದು ಸಾಗದು. 2,900 ರೂಪಾಯಿ ಕೊಟ್ಟ ಆ ಪುಸ್ತಕದ ಬೆನ್ನಿನ ಅಂಟು ನಮ್ಮ ಬೇಸಿಗೆಗೆ ಬಿಟ್ಟುಕೊಂಡಾಗ, ಹಿಂದಿರುಗಿಸುವ ಅವಧಿ ಮುಗಿದಿದೆ ಎಂದು ಮಾರಿದವರು ಕೈತೊಳೆದುಕೊಂಡರು. ಗಂಗಾವತಿಯಲ್ಲಿ 150 ರೂಪಾಯಿ ಕೊಟ್ಟು ದಾರದ ಹೊಲಿಗೆ ಹಾಕಿಸಿದೆ. ಬೈಂಡರ್ ಅಂಚನ್ನು ಸಮ ಮಾಡಲು ಹೋಗಿ ಕೆಲವು ಮಾತಿನ ಗುಳ್ಳೆಗಳ ಕೊನೆಯ ಅಕ್ಷರಗಳನ್ನೇ ಕತ್ತರಿಸಿಬಿಟ್ಟರು.

ರಾಯಚೂರು: ಅಕ್ಷರ ಕಳೆದುಕೊಂಡ ಪುಸ್ತಕ ಇಟ್ಟುಕೊಂಡವರು ನನ್ನ ಹಣದ ಲೆಕ್ಕ ಕೇಳುವುದು ಸರಿಯಲ್ಲ, ಅಣ್ಣನವರೇ. ಎಲ್ಲರೂ ಸಂಪುಟಕ್ಕೇ ಕಾದು ಕುಳಿತರೆ ಬಿಡಿ ಸಂಚಿಕೆಗಳ ಮಾರಾಟ ಕುಸಿದು ಸರಣಿಯೇ ನಿಂತುಹೋಗುತ್ತದೆ.

ಸಿಂಧನೂರು: ಇಬ್ಬರೂ ವೃಥಾ ಜಗಳವಾಡುತ್ತಿದ್ದೀರಿ. ಮಾರ್ವೆಲ್ ಅನ್‌ಲಿಮಿಟೆಡ್ ಆ್ಯಪ್‌ನಲ್ಲಿ ಸಂಚಿಕೆಗಳು ಸುಮಾರು ಮೂರು ತಿಂಗಳು ತಡವಾಗಿ ಬರುತ್ತವೆ. ನಾನು ಅಲ್ಲಿಯೇ ಓದುತ್ತೇನೆ. ನನ್ನ ನಿಜವಾದ ಸಂಕಟವೇ ಬೇರೆ. ಕ್ರಕೋವಾ ದ್ವೀಪದಲ್ಲಿ ಮ್ಯೂಟಂಟರಿಗೆ ಸ್ವಂತ ನಾಡು, ಸ್ವಂತ ಭಾಷೆ, ಸತ್ತವರಿಗೆ ಮರುಜನ್ಮ ಎಲ್ಲವನ್ನೂ ಕೊಟ್ಟು 2024ರಲ್ಲಿ ಕಿತ್ತುಕೊಂಡರಲ್ಲ, ಅದನ್ನು ನಾನು ಇನ್ನೂ ಕ್ಷಮಿಸಿಲ್ಲ.

ಕೊಪ್ಪಳ: ಸತ್ತವರೆಲ್ಲ ಮೊಟ್ಟೆಯೊಡೆದು ಎದ್ದು ಬರುವಾಗ ಸಾವಿಗೆ ಬೆಲೆ ಎಲ್ಲಿತ್ತು, ಸ್ವಾಮಿ? ಆ ಯುಗ ಮುಗಿದದ್ದೇ ಒಳ್ಳೆಯದಾಯಿತು.

ಸಿಂಧನೂರು: ನೀವು ಮೊದಲ ಸಂಪುಟಕ್ಕೇ ನಿಲ್ಲಿಸಿದ್ದೀರಿ. 2021ರಲ್ಲಿ ಆರಂಭವಾದ ‘ಇನ್‌ಫರ್ನೊ’ದ ನಾಲ್ಕು ಸಂಚಿಕೆಗಳನ್ನು ಓದಿ ಬನ್ನಿ, ಮರುಜನ್ಮದ ಪಟ್ಟಿಯಿಂದ ಭವಿಷ್ಯ ಕಾಣಬಲ್ಲ ಡೆಸ್ಟಿನಿ ಎಂಬಾಕೆಯನ್ನು ಯಾರು, ಯಾವ ಭಯದಿಂದ ದೂರವಿಟ್ಟಿದ್ದರು ಎಂಬುದು ತಿಳಿದ ಮೇಲೆ ಸಾವಿನ ಬೆಲೆಯ ಬಗ್ಗೆ ನನ್ನೊಡನೆ ವಾದಿಸಬಹುದು.