ಮನೆಮಾತು ಬೇರೆ ಇರುವ 4 ವರ್ಷದ ಮಕ್ಕಳ ಭಾಷೆ ಅಳೆಯೋದು ಹೇಗೆ?

ಬಾಲವಾಡಿ ಶಿಕ್ಷಕಿ: ಮುಂದಿನ ವರ್ಷ ಶಾಲೆಗೆ ಹೋಗುವ ಕೆಲವು ಮಕ್ಕಳ ಮನೆಮಾತೇ ಬೇರೆ. ತರಗತಿಯ ಭಾಷೆಯಲ್ಲಿ ಚಿತ್ರ ತೋರಿಸಿ ಹೆಸರು ಕೇಳಿದರೆ ಅಂಕ ತೀರಾ ಕಡಿಮೆ. ಹೊಸ ಭಾಷೆ ಇನ್ನೂ ಬಾರದ್ದಕ್ಕೋ, ಮಾತಿನ ತೊಂದರೆಯೇ ಇದೆಯೋ ಗೊತ್ತಾಗ್ತಿಲ್ಲ. ದಾಖಲಾತಿ ಫಾರಂನಲ್ಲಿ ‘ಮನೆಭಾಷೆ’ ಅಂತ ಒಂದೇ ಕಾಲಂ ಇದೆ.

ಶಾರದಾ: ಆ ಕಾಲಂ ನಂಬಬೇಡಿ. ಶಾಲೆಗೆ ಇಷ್ಟವಾಗುತ್ತೆ ಅಂತ ಶಾಲೆಯ ಭಾಷೆಯನ್ನೇ ಬರೆಯುವವರಿದ್ದಾರೆ. ತಂದೆತಾಯಿಯನ್ನು ಕೂರಿಸಿಕೊಂಡು ಕೇಳಿ: ಎದ್ದಾಗಿನಿಂದ ಮಲಗುವವರೆಗೆ ಮಗು ಯಾರ ಜೊತೆ ಇರುತ್ತೆ, ಅವರು ಯಾವ ಭಾಷೆ ಆಡ್ತಾರೆ, ಮಗು ಯಾವುದರಲ್ಲಿ ಉತ್ತರ ಕೊಡುತ್ತೆ, ಎರಡನೇ ಭಾಷೆ ಯಾವ ವಯಸ್ಸಿನಿಂದ ಕಿವಿಗೆ ಬಿದ್ದಿದೆ. ರಜಾದಿನದ ಲೆಕ್ಕ ಬೇರೆ ಇಡಿ.

ವಾಕ್‌ಚಿಕಿತ್ಸಕ: ಅಂಕ ಹಾಕುವಲ್ಲೇ ಎಡವಟ್ಟಾಗೋದು. 20 ಚಿತ್ರಗಳಲ್ಲಿ ಮಗು 9ಕ್ಕೆ ತರಗತಿಯ ಭಾಷೆಯಲ್ಲಿ, ಬೇರೆ 6ಕ್ಕೆ ಮನೆಮಾತಿನಲ್ಲಿ ಹೆಸರು ಹೇಳಿದರೆ, ಅದಕ್ಕೆ ಗೊತ್ತಿರೋದು 15. ಎರಡರಲ್ಲೂ ಹೇಳಿದ್ದನ್ನು ಒಂದೇ ಸಲ ಎಣಿಸಿ. ಹಾಗೆ ಬಂದ ಮೊತ್ತವನ್ನು ಒಂದೇ ಭಾಷೆಯ ಮಕ್ಕಳಿಗೆಂದು ಮಾಡಿದ ಕೋಷ್ಟಕಕ್ಕೆ ಹೋಲಿಸಬೇಡಿ. ಪರೀಕ್ಷೆಯನ್ನು ಸ್ಥಳದಲ್ಲೇ ಬಾಯಲ್ಲಿ ಅನುವಾದಿಸಬೇಡಿ. ಒಂದು ಭಾಷೆಯ ಸುಲಭ ಪದ ಇನ್ನೊಂದರಲ್ಲಿ ಕಷ್ಟದ್ದಾಗಿರಬಹುದು.

ಮನೆಮಾತು ನಿಮಗೆ ಬಾರದಿದ್ದರೆ ದುಭಾಷಿ ಬೇಕು. ಅಕ್ಕ-ಅಣ್ಣಂದಿರು ಬೇಡ, ಅವರು ಉತ್ತರ ಹೇಳಿಕೊಟ್ಟುಬಿಡ್ತಾರೆ. ಕಣ್ಸನ್ನೆ ಮಾಡಬಾರದು, ಮಗುವಿನ ವಾಕ್ಯ ತಿದ್ದಬಾರದು ಅಂತ ದುಭಾಷಿಗೆ ಮೊದಲೇ ಹೇಳಿ. ‘ನಾಯಿ ಓಡು ಬೆಕ್ಕು’ ಅನ್ನೋದನ್ನು ಅವರು ‘ನಾಯಿ ಬೆಕ್ಕನ್ನು ಓಡಿಸಿತು’ ಅಂತ ಚೆಂದ ಮಾಡಿ ಹೇಳಿದರೆ, ನಾವು ಹುಡುಕುತ್ತಿದ್ದ ಸುಳಿವೇ ಹೋಯ್ತು.

ಬಾಲವಾಡಿ ಶಿಕ್ಷಕಿ: ತರಗತಿಯಲ್ಲಿ ಬಾಯೇ ಬಿಡದ ಮಗುವಾದರೆ?

ವಾಕ್‌ಚಿಕಿತ್ಸಕ: ಹೊಸ ಭಾಷೆಯ ನಡುವೆ ಕೆಲವು ತಿಂಗಳು ಸುಮ್ಮನಿರೋದು ಸಹಜ. ಎರಡು ಭಾಷೆ ಬೆರೆಸಿ ಮಾತಾಡೋದೂ ದೋಷವಲ್ಲ. ಭಾಷೆಯ ಬೆಳವಣಿಗೆಯಲ್ಲೇ ತೊಂದರೆಯಿದ್ದರೆ ಅದು ಎರಡೂ ಭಾಷೆಯಲ್ಲಿ ಕಾಣುತ್ತೆ. ಮನೆಮಾತಿನಲ್ಲೂ ವಾಕ್ಯ ಜೋಡಿಸದಿದ್ದರೆ, ಸರಳ ಸೂಚನೆ ತಿಳಿಯದಿದ್ದರೆ, ಅದೇ ಮನೆಯ ಬೇರೆ ಮಕ್ಕಳಿಗಿಂತ ಹಿಂದಿದೆ ಅಂತ ತಾಯಿಯೇ ಹೇಳಿದರೆ ಕಾಯಬೇಡಿ, ವಾಕ್‌ಚಿಕಿತ್ಸಕರ ಬಳಿ ಕಳಿಸಿ. ಶ್ರವಣ ಪರೀಕ್ಷೆ ಎಲ್ಲಕ್ಕೂ ಮೊದಲು.

ಇನ್ನೂ ಅನುಮಾನ ಉಳಿದರೆ 3–4 ಹೊಸ ಪದಗಳನ್ನು ಆಟದಲ್ಲಿ ಕಲಿಸಿ, ಕೆಲವು ದಿನ ಬಿಟ್ಟು ಮತ್ತೆ ಕೇಳಿ. ಬೇಗ ಹಿಡಿದರೆ ಕಲಿಯುವ ಶಕ್ತಿ ಚೆನ್ನಾಗಿದೆ, ಅವಕಾಶ ಸಾಲದಾಗಿದೆ ಅಂತ ತಿಳಿಯಬಹುದು.

ಶಾರದಾ: ಬಡ ಕುಟುಂಬದ ಪುಟ್ಟ ಮಕ್ಕಳಿಗಾಗಿ ಅಮೆರಿಕ ಸರ್ಕಾರ ನಡೆಸುವ ಹೆಡ್ ಸ್ಟಾರ್ಟ್ ಕಾರ್ಯಕ್ರಮದ ನಿಯಮದಂತೆ, ಮೊದಲ ಸ್ಕ್ರೀನಿಂಗ್‌ಗೆ (ಬೆಳವಣಿಗೆಯ ಪ್ರಾಥಮಿಕ ತಪಾಸಣೆಗೆ) ಮಗು ಬರಲು ಶುರುಮಾಡಿದಾಗಿನಿಂದ ಸಾಮಾನ್ಯವಾಗಿ 45 ದಿನದ ಗಡುವು. ಅಷ್ಟರಲ್ಲಿ ಬಾಯಿ ಬಿಡದ ಮಗುವಿಗೆ ‘ತೊಂದರೆ’ ಅಂತ ಮುದ್ರೆ ಒತ್ತಬೇಡಿ, ಮನೆಮಾತಿನಲ್ಲೂ ನೋಡಿ. ಮತ್ತೆ, ದಯವಿಟ್ಟು ಮನೆಯಲ್ಲಿ ಮನೆಮಾತು ನಿಲ್ಲಿಸಿ ಅಂತ ಮಾತ್ರ ಯಾರಿಗೂ ಹೇಳಬೇಡಿ.