‘ನನ್ನ ಸತ್ಯ ನನಗೆ, ನಿಮ್ಮದು ನಿಮಗೆ’: ಈ ವಾದದ ಕೊಂಡಿ ಕಳಚುವುದು ಎಲ್ಲಿ?

ಜಿಜ್ಞಾಸು:
ಈ ನಾಲ್ಕು ಮಾತು ನೋಡಿ.
1. ಜಗತ್ತು ನಮಗೆ ತಿಳಿಯುವುದು ನಮ್ಮ ನಮ್ಮ ಇಂದ್ರಿಯ, ಮನಸ್ಸುಗಳ ಮೂಲಕ.
2. ಹಾಗಾಗಿ ಒಬ್ಬೊಬ್ಬರ ವಾಸ್ತವವೂ ಬೇರೆ.
3. ಸರಿ-ತಪ್ಪು ಕೂಡ ಅವರವರ ಮನಸ್ಸಿನದೇ.
4. ಆದ್ದರಿಂದ ಇನ್ನೊಬ್ಬರು ಮಾಡಿದ್ದನ್ನು ತಪ್ಪು ಅನ್ನುವ ಹಕ್ಕು ಯಾರಿಗೂ ಇಲ್ಲ.
ಒಂದೊಂದಾಗಿ ಓದಿದರೆ ಸರಿ ಅನ್ನಿಸುತ್ತದೆ. ಕೊನೆ ಮುಟ್ಟಿದಾಗ ಮಾತ್ರ ಗುಲಾಮಗಿರಿಯನ್ನೂ ತಪ್ಪು ಅನ್ನುವಂತಿಲ್ಲ, ‘ನನಗೆ ಹಿಡಿಸುವುದಿಲ್ಲ’ ಅಂದು ಸುಮ್ಮನಾಗಬೇಕು. ಇದನ್ನು ಒಪ್ಪಲು ಆಗುತ್ತಿಲ್ಲ. ಯಾವ ಹೆಜ್ಜೆ ತಪ್ಪು?

ಹಗ್ಗಹಾವು:
ಮೊದಲ ಬಿರುಕು 1 ಮತ್ತು 2ರ ನಡುವೆಯೇ ಇದೆ. ಕಣ್ಣಿನ ಮೂಲಕ ಕಂಡದ್ದು ಕಣ್ಣೊಳಗೇ ಇದೆ ಅಂತ ಆಗುವುದಿಲ್ಲ. ವಾಸ್ತವ ಅಂದರೆ ನನಗೆ ಕಂಡದ್ದಷ್ಟೇ ಆದರೆ ನನಗೆ ಭ್ರಮೆ ಆಗುವುದೇ ಸಾಧ್ಯವಿಲ್ಲ. ಹಗ್ಗವನ್ನು ಹಾವು ಅಂದುಕೊಂಡೆ ಅನ್ನಬೇಕಾದರೆ ಅಲ್ಲಿ ಹಗ್ಗ ಇರಲೇಬೇಕು.

ಇಲ್ಲಿ ಬಹಳ ಜನ ಅದ್ವೈತವನ್ನು ಎಳೆದು ತರುತ್ತಾರೆ. ‘ಜಗತ್ತು ಮಿಥ್ಯೆ ಅಂದ ಮೇಲೆ ಅವರವರಿಗೆ ಕಂಡದ್ದೇ ಸತ್ಯ’ ಅನ್ನುತ್ತಾರೆ. ಅದ್ವೈತ ಹೇಳುವುದು ಅದನ್ನಲ್ಲ. ಅಲ್ಲಿ ಪ್ರಾತಿಭಾಸಿಕ (ಭ್ರಮೆಯಲ್ಲಿ ಮಾತ್ರ ತೋರುವುದು), ವ್ಯಾವಹಾರಿಕ (ದಿನನಿತ್ಯದ ವ್ಯವಹಾರದಲ್ಲಿ ನಿಜವಾದದ್ದು), ಪಾರಮಾರ್ಥಿಕ (ಕೊನೆಯ ಸತ್ಯ) ಎಂದು ಮೂರು ಸ್ತರಗಳಿವೆ. ಹಾವು ಪ್ರಾತಿಭಾಸಿಕ, ಹಗ್ಗ ವ್ಯಾವಹಾರಿಕ. ದೀಪ ತಂದರೆ ಹಾವಿನ ಜ್ಞಾನ ಬಾಧಿತವಾಗುತ್ತದೆ, ಅಂದರೆ ಸುಳ್ಳೆಂದು ತಿಳಿಯುತ್ತದೆ; ಹಗ್ಗದ್ದು ಆಗುವುದಿಲ್ಲ. ಆ ವ್ಯಾವಹಾರಿಕ ಜಗತ್ತು ಎಲ್ಲರಿಗೂ ಒಂದೇ. ನಿಮ್ಮ 2ನೇ ಮಾತಿಗೆ ಹತ್ತಿರ ಬರುವುದು ಅದ್ವೈತದೊಳಗಿನ ಒಂದು ಕವಲಾದ ದೃಷ್ಟಿಸೃಷ್ಟಿವಾದ, ಅಂದರೆ ಕಾಣುವುದೇ ಸೃಷ್ಟಿ ಅನ್ನುವ ವಾದ. ದ್ವೈತದ ಮಧ್ವರಂತೂ ಜಗತ್ತು ಸತ್ಯ, ಪಂಚಭೇದಗಳೂ (ದೇವರು, ಜೀವ, ಜಡಗಳ ನಡುವಿನ ಐದು ಭೇದಗಳು) ಸತ್ಯ ಅನ್ನುತ್ತಾರೆ.

ಪ್ರತಿ ಮಾತಿಗೂ ‘ಸ್ಯಾತ್’ ಸೇರಿಸಿ ಹೇಳುವ ಜೈನರ ಸ್ಯಾದ್ವಾದವನ್ನೂ ಹೀಗೇ ಕೆಡಿಸುತ್ತಾರೆ. ‘ಸ್ಯಾತ್’ ಅಂದರೆ ‘ಇದ್ದರೂ ಇರಬಹುದು’ ಅಂತ ಅಲ್ಲ, ‘ಒಂದು ಅಪೇಕ್ಷೆಯಿಂದ’, ಅಂದರೆ ಒಂದು ದೃಷ್ಟಿಯಿಂದ ನೋಡಿದರೆ ಎಂದು. ಮಡಕೆ ತನ್ನ ದ್ರವ್ಯ (ವಸ್ತು), ಕ್ಷೇತ್ರ (ಜಾಗ), ಕಾಲ, ಭಾವಗಳಿಂದ (ಗುಣ, ಸ್ಥಿತಿ) ನೋಡಿದರೆ ಇದೆ; ಬೇರೊಂದರ ದ್ರವ್ಯ, ಕ್ಷೇತ್ರ, ಕಾಲ, ಭಾವಗಳಿಂದ ನೋಡಿದರೆ ಇಲ್ಲ. ಯಾವ ಅಪೇಕ್ಷೆ ಅಂತ ಹೇಳಿದ ಮೇಲೆ ಉತ್ತರ ಖಚಿತ. ಎಲ್ಲರ ಅಭಿಪ್ರಾಯವೂ ಸರಿ ಅನ್ನುವ ಮಾತು ಅದರಲ್ಲಿಲ್ಲ.

ತರ್ಕಪಾಠಿ:
2ರ ಬಗ್ಗೆ ಒಪ್ಪುತ್ತೇನೆ. ಆದರೆ 2 ಬಿದ್ದರೆ 3 ತಾನಾಗಿ ಬೀಳುವುದಿಲ್ಲ. ಕಲ್ಲು ಎಲ್ಲರಿಗೂ ಒಂದೇ, ಮೌಲ್ಯ ಮಾತ್ರ ಮನಸ್ಸಿನದು ಅನ್ನಲು ಅಡ್ಡಿಯಿಲ್ಲ. 3ರಲ್ಲಿ ಬೇರೆ ಬೇರೆ ವಾದಗಳು ಒಂದೇ ಮಾತಿನಲ್ಲಿ ಅಡಗಿವೆ, ಬಿಡಿಸಿ ನೋಡಬೇಕು.

‘ಕದಿಯುವುದು ತಪ್ಪು’ ಅಂದರೆ ‘ನಾನು ಕಳ್ಳತನವನ್ನು ಒಪ್ಪುವುದಿಲ್ಲ’ ಅಂತಷ್ಟೇ ಅರ್ಥ ಅನ್ನುವುದು ಸರಳ ವ್ಯಕ್ತಿನಿಷ್ಠವಾದ. ಆಗ ‘ತಪ್ಪಲ್ಲ’ ಅನ್ನುವವರ ಮಾತೂ ನಿಜವೇ, ಏಕೆಂದರೆ ಅವರು ತಮ್ಮ ಮನಸ್ಸಿನ ವರದಿ ಕೊಟ್ಟರು. ಇಬ್ಬರಿಗೂ ಜಗಳಕ್ಕೆ ವಿಷಯವೇ ಉಳಿಯದು. ಆದರೆ ಜಗಳ ಇದೆಯಲ್ಲ! ಈ ವಾದ ಮುರಿಯುವುದು ಅಲ್ಲಿ.

ತತ್ತ್ವಜ್ಞಾನಿ ಎ. ಜೆ. ಏಯರ್ 1936ರಲ್ಲಿ ಇದರಿಂದ ತಪ್ಪಿಸಿಕೊಳ್ಳುವ ದಾರಿ ಹೇಳಿದರು: ಆ ವಾಕ್ಯ ಭಾವನೆಯ ವರದಿಯಲ್ಲ, ಭಾವನೆಯ ಉದ್ಗಾರ, ಅದಕ್ಕೆ ನಿಜ-ಸುಳ್ಳು ಅನ್ನುವುದೇ ಇಲ್ಲ. ಅದಕ್ಕೆ ತೊಡಕು ತಂದದ್ದು ಇನ್ನೊಬ್ಬ ತತ್ತ್ವಜ್ಞಾನಿ ಪೀಟರ್ ಗೀಚ್, 1965ರಲ್ಲಿ. ‘ಸುಳ್ಳು ಹೇಳುವುದು ತಪ್ಪಾದರೆ, ಹೇಳಿಸುವುದೂ ತಪ್ಪು’ ಅನ್ನುವಾಗ ‘ಆದರೆ’ಗೆ ಮುಂಚಿನ ಭಾಗದಲ್ಲಿ ಯಾವ ಉದ್ಗಾರವೂ ಇಲ್ಲ. ಆದರೂ ‘ಸುಳ್ಳು ಹೇಳುವುದು ತಪ್ಪು’ ಅಂತ ಸೇರಿಸಿದರೆ ತೀರ್ಮಾನ ಸರಿಯಾಗಿ ಬರುತ್ತದೆ. ಎರಡೂ ಕಡೆ ‘ತಪ್ಪು’ ಪದಕ್ಕೆ ಒಂದೇ ಅರ್ಥವಿಲ್ಲದೆ ಅದು ಹೇಗೆ ಸಾಧ್ಯ? ಉತ್ತರ ಕೊಡಲು ಯತ್ನಿಸಿದವರಿದ್ದಾರೆ, ಯಾವುದೂ ಸುಲಭದ್ದಲ್ಲ.

ತತ್ತ್ವಜ್ಞಾನಿ ಜೆ. ಎಲ್. ಮ್ಯಾಕಿ 1977ರಲ್ಲಿ ಹೇಳಿದ್ದು ಇನ್ನೂ ಕಟು: ನೈತಿಕ ವಾಕ್ಯಗಳು ವಸ್ತುನಿಷ್ಠ ಮೌಲ್ಯ ಇದೆ ಅಂದುಕೊಂಡೇ ಆಡುವಂಥವು, ಅಂಥ ಮೌಲ್ಯ ಇಲ್ಲ, ಹಾಗಾಗಿ ಅವು ಸುಳ್ಳು. ನನಗೆ ಇವುಗಳಲ್ಲಿ ಹೆಚ್ಚು ಪ್ರಾಮಾಣಿಕ ಅನ್ನಿಸುವುದು ಇದೇ.

ನಿಜವಾದ ತಪ್ಪು 4ರಲ್ಲಿದೆ. ‘ಯಾರೂ ಇನ್ನೊಬ್ಬರನ್ನು ತಪ್ಪು ಅನ್ನಬಾರದು’ ಅನ್ನುವುದೇ ಎಲ್ಲರ ಮೇಲೂ ಹೇರಿದ ನೈತಿಕ ನಿಯಮ. ನನ್ನ ಮೌಲ್ಯ ‘ಖಂಡಿಸು’ ಅಂದರೆ, 3ರ ಪ್ರಕಾರ ನಾನು ಖಂಡಿಸುವುದೂ ನನಗೆ ಸರಿಯೇ.

ಅಳತೆಗೋಲು:
ವಾದ ಮಾಡುವಾಗ ಕೈಗೆ ಬರುವ ಒಂದು ಪರೀಕ್ಷೆ: ಎಲ್ಲರೂ ನಂಬುವುದನ್ನು ಬಿಟ್ಟರೆ ಅದು ಉಳಿಯುತ್ತದೆಯೇ? ಬೆಟ್ಟ ಉಳಿಯುತ್ತದೆ. ನೋಟಿನ ಬೆಲೆ ಉಳಿಯುವುದಿಲ್ಲ. ಹಾಗಂತ ನೋಟಿನ ಬೆಲೆ ನನ್ನೊಬ್ಬನ ಇಷ್ಟವೂ ಅಲ್ಲ. ನೂರರ ನೋಟು ಐನೂರು ಅಂತ ನಾನು ನಂಬಿದರೆ ತಪ್ಪಿದ್ದು ನಾನೇ. ತತ್ತ್ವಜ್ಞಾನಿ ಜಾನ್ ಸರ್ಲ್ ತೋರಿಸಿದ ಭೇದ ಇದು: ಇರುವಿಕೆಗೆ ಮನಸ್ಸು ಬೇಕು ಅನ್ನುವುದು ಬೇರೆ, ಅದರ ಬಗ್ಗೆ ಸರಿ-ತಪ್ಪು ಉತ್ತರ ಇಲ್ಲ ಅನ್ನುವುದು ಬೇರೆ. ನೋವೂ ಹಾಗೇ. ಅದು ಅನುಭವಿಸುವವರಲ್ಲಿ ಮಾತ್ರ ಇರುತ್ತದೆ, ಆದರೆ ‘ಅವರಿಗೆ ನೋವಾಗುತ್ತಿದೆ’ ಅನ್ನುವುದು ನಿಜ ಅಥವಾ ಸುಳ್ಳು.

ಇನ್ನೊಂದು: ಜಗಳದಲ್ಲಿ ಮೊದಲು ಸಂಗತಿಯನ್ನು ಬೇರೆ ಮಾಡಿ. ಮೀನಿಗೆ ನೋವಾಗುತ್ತದೆಯೇ ಅನ್ನುವುದು ಸಂಗತಿಯ ಪ್ರಶ್ನೆ, ನೋವಾದರೆ ಹಿಡಿಯಬಹುದೇ ಅನ್ನುವುದು ಮೌಲ್ಯದ್ದು. ಎಷ್ಟೋ ‘ನೈತಿಕ’ ಭಿನ್ನಮತ ಮೊದಲ ಪ್ರಶ್ನೆಯಲ್ಲೇ ಇರುತ್ತದೆ. ಭಿನ್ನಮತ ಇದೆ, ಆದ್ದರಿಂದ ಉತ್ತರ ಇಲ್ಲ ಅಂತಲೂ ಜಿಗಿಯಬೇಡಿ. ಭೂಮಿಯ ವಯಸ್ಸಿನ ಬಗ್ಗೆ ಶತಮಾನಗಳ ಕಾಲ ಭಿನ್ನಮತವಿತ್ತು. ವಯಸ್ಸು ಮಾತ್ರ ಒಂದೇ, ಸುಮಾರು 454 ಕೋಟಿ ವರ್ಷ.

ಜಿಜ್ಞಾಸು:
ಹಾಗಾದರೆ 3ನ್ನು ಇಟ್ಟುಕೊಂಡು 4ನ್ನು ಬಿಡಬಹುದೇ?

ತರ್ಕಪಾಠಿ:
ಬಿಡಬಹುದು, ಆದರೆ ಅದಕ್ಕೆ ಬೆಲೆ ತೆರಬೇಕು. ನೀವು ಖಂಡಿಸಬಹುದು, ನಿಮ್ಮ ಮೌಲ್ಯ ಹಂಚಿಕೊಳ್ಳದವರಿಗೆ ಆ ಖಂಡನೆ ಕಾರಣವಾಗಿ ನಿಲ್ಲುವುದಿಲ್ಲ. ಆಗ ಉಳಿಯುವ ಬಲವಾದ ದಾರಿ ಅವರದೇ ಮೌಲ್ಯದೊಳಗಿನ ವಿರೋಧ ತೋರಿಸುವುದು. ಗುಲಾಮಗಿರಿಯನ್ನು ಸಮರ್ಥಿಸುವವರು ತಮ್ಮನ್ನು ಯಾರಾದರೂ ಮಾರಿದರೆ ಅದನ್ನು ಅನ್ಯಾಯ ಅನ್ನುತ್ತಾರೆಯೇ ಎಂದು ಕೇಳಿ. ಹೌದು ಅಂದರೆ, ತಮಗೂ ಆ ಗುಲಾಮರಿಗೂ ಇರುವ ವ್ಯತ್ಯಾಸ ಯಾವುದು ಅಂತ ಅವರೇ ಹೇಳಬೇಕು.